ಗುಟ್ಟು ಮಾರುವ ಅಂಗಡಿ

ಅಂಗಡಿಯ ಬೀಗದಕೈ ಇನ್ನು ನಿನ್ನದು. ಲೆಕ್ಕದ ಪುಸ್ತಕದಲ್ಲಿ ಬರೆದಿಡದ ನಾಲ್ಕು ಮಾತು ಹೇಳ್ತೀನಿ, ಕೇಳಪ್ಪ.

ಜಾದೂ ಸಾಮಾನಿನ ಅಂಗಡಿಗೆ ಜನ ಬರೋದು ಬೆರಗಾಗಿ. ನೀನು ಇಸ್ಪೀಟು ಕಟ್ಟು ಹಿಡಿದು ಮಾಡಿ ತೋರಿಸ್ತೀಯ, ಹುಡುಗನ ಕಣ್ಣು ಅರಳುತ್ತೆ, ದುಡ್ಡು ಕೊಡ್ತಾನೆ. ಆಮೇಲೆ ಗುಟ್ಟು ಹೇಳ್ತೀಯ. ಆಗ ಅವನ ಮುಖ ನೋಡು. ‘ಅಯ್ಯೋ, ಇಷ್ಟೇನಾ?’ ಅಂತ ಸಪ್ಪಗಾಗಿರುತ್ತೆ. ನಮ್ಮ ಕಸುಬು ಶುರುವಾಗೋದೇ ಅಲ್ಲಿಂದ. ಪೊಟ್ಟಣ ಕೈಗಿಟ್ಟು ಕಳಿಸಿಬಿಟ್ಟರೆ ಅದು ಮನೆಯ ಅಟ್ಟ ಸೇರುತ್ತೆ, ಹುಡುಗ ಮತ್ತೆ ಈ ಕಡೆ ತಲೆ ಹಾಕಲ್ಲ. ಅವನನ್ನು ಕೂರಿಸಿಕೋ. ಬೆರಳು ಎಲ್ಲಿರಬೇಕು, ಕಣ್ಣು ಎತ್ತ ನೋಡಬೇಕು, ಯಾವ ಮಾತಿನ ನಡುವೆ ಕೈ ಓಡಬೇಕು ಅಂತ ಹೇಳಿಕೊಡು. ಕನ್ನಡಿ ಮುಂದೆ ಮಾಡಿಸು. ಕೆಲವು ದಿನ ಬಿಟ್ಟು ಬಂದು ಅವನು ನಿನ್ನನ್ನೇ ಬೆರಗುಗೊಳಿಸಿದರೆ, ಅವತ್ತು ವ್ಯಾಪಾರ ಆಯ್ತು ಅಂದುಕೋ. ಗುಟ್ಟೆಲ್ಲ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತೆ, ನಿಜ. ಆದರೆ ಅವನ ಕೈ ಎಲ್ಲಿ ಎಡವಿತು ಅಂತ ನೋಡಿ ತಿದ್ದೋದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು.

ನ್ಯೂಯಾರ್ಕಿನಲ್ಲಿ ಮಾರ್ಟಿಂಕಾ ಅಂತ ಒಂದು ಜಾದೂ ಅಂಗಡಿಯಿತ್ತು. 1902ರಲ್ಲಿ ಅಮೆರಿಕದ ಜಾದೂಗಾರರ ಸಂಘ ಹುಟ್ಟಿದ್ದು ಅದರ ಹಿಂಭಾಗದ ಕೋಣೆಯಲ್ಲಿ. ಅಂಥ ಅಂಗಡಿಗಳಲ್ಲಿ ಕಲಾವಿದರು ಕೂತು ಹರಟುತ್ತಾರೆ, ಒಬ್ಬರಿಗೊಬ್ಬರು ಕಲಿಸುತ್ತಾರೆ. ಹಾಗಾಗಿ ನಮ್ಮ ಬೆಂಚು ತೆಗೆಯಬೇಡ, ಏನೂ ಕೊಳ್ಳದೆ ಕೂತವರನ್ನೂ ಎಬ್ಬಿಸಬೇಡ.

ಫ್ಲಾಶ್ ಪೇಪರ್ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಅದು ನೈಟ್ರೋಸೆಲ್ಯುಲೋಸ್, ಒಣಗಿದ್ದರೆ ಒಂದು ಕಿಡಿ ಸಾಕು, ಭಗ್ಗನೆ ಉರಿದುಹೋಗುತ್ತೆ. ಬೆಳಗಿನ ಪೂಜೆಯ ದೀಪ, ಊದುಬತ್ತಿ ಅದರ ಹತ್ತಿರ ಸುಳಿಯಬಾರದು. ಮಕ್ಕಳ ಕೈಗೆ ಕೊಡಲೇಬೇಡ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿ ಕೂತಿರೋದು ಇನ್ನೊಂದು ಮಾತು. ನಾವು ಮಾರುವ ಸಾಮಾನಿನಿಂದಲೇ ಪವಾಡ ಅಂತ ಜನರನ್ನು ನಂಬಿಸಲೂಬಹುದು. ಆ ಮಾರ್ಟಿಂಕಾ ಅಂಗಡಿಯನ್ನು 1919ರಲ್ಲಿ ಕೊಂಡ ಜಾದೂಗಾರ ಹೂಡಿನಿ, ಮುಂದೆ ಸತ್ತವರ ಜೊತೆ ಮಾತಾಡಿಸ್ತೀವಿ ಅಂತ ದುಃಖದಲ್ಲಿರೋರನ್ನು ಸುಲಿಯುತ್ತಿದ್ದವರ ಬಣ್ಣ ಬಯಲು ಮಾಡುತ್ತ ಊರೂರು ತಿರುಗಿದ. ನಮ್ಮಲ್ಲಿ 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿಯನ್ನೇ ಮಾಡಿದರು. ಜಾದೂಗಾರ ‘ಇದು ಆಟ’ ಅಂತ ಒಪ್ಪಿಕೊಂಡೇ ರಂಗಕ್ಕೆ ಬರ್ತಾನೆ. ಆ ಒಪ್ಪಿಗೆ ಇಲ್ಲದ ಕಡೆ ನಮ್ಮ ಸಾಮಾನು ರೋಗಿಯ ಔಷಧಿಯ ದುಡ್ಡನ್ನು ಕಸಿಯುತ್ತೆ.

ಹಾಗಂತ ಗಿರಾಕಿಗಳಲ್ಲಿ ಯಾರನ್ನೂ ವೇಷ ನೋಡಿ ಅಳೆಯಬೇಡ. ‘ಯಾರ ಮುಂದೆ ಮಾಡ್ತೀರಿ?’ ಅಂತ ಮೆಲ್ಲಗೆ ಕೇಳು. ಶಾಲೆ, ಹುಟ್ಟುಹಬ್ಬ, ಜಾತ್ರೆ ಅಂದರೆ ಸಂತೋಷವಾಗಿ ಕೊಡು. ಪವಾಡ ಬಯಲು ಮಾಡುವವರು ಕೇಳಿದರೆ ಬೆಲೆಯಲ್ಲಿ ಸ್ವಲ್ಪ ಬಿಡು. ಉತ್ತರ ನುಂಗಿ ‘ದುಡ್ಡು ಎಷ್ಟಾದರೂ ಕೊಡ್ತೀನಿ’ ಅನ್ನುವವನಿಗೆ ಮಾತ್ರ ಮಾಲು ಇಲ್ಲ ಅಂತ ಕೈಮುಗಿದು ಕಳಿಸು. ಅದರಿಂದ ಆ ತಿಂಗಳ ಬಾಡಿಗೆಗೆ ಕಡಿಮೆ ಬಿದ್ದರೆ ಮನೆಗೆ ಬಾ, ನಾನು ಕೊಡ್ತೀನಿ.