ಅವ್ವನ ವೀಸಾ ಮತ್ತು ಇಲ್ಲದ ಕಾಗದಗಳು

ಅವ್ವ ಹುಟ್ಟಿದ್ದು 1952ರಲ್ಲಿ, ಹುಮನಾಬಾದಿನ ಹತ್ತಿರದ ಒಂದು ಹಳ್ಳಿಯಲ್ಲಿ. ಬೀದರ್ ಆಗ ಹೈದರಾಬಾದ್ ರಾಜ್ಯದ ಜಿಲ್ಲೆ. ಪಟವಾರಿಯ ದಫ್ತರದಲ್ಲಿ ಹೊಲದ ಲೆಕ್ಕ ಇತ್ತು, ತೆರಿಗೆಯ ಲೆಕ್ಕ ಇತ್ತು. ನಮ್ಮ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿದ್ದನ್ನು ಯಾರೂ ಎಲ್ಲಿಯೂ ಬರೆಸಲಿಲ್ಲ. ಅವಳ ಮದುವೆ ಊರ ಗುಡಿಯ ಮುಂದೆ ಹಂದರ ಹಾಕಿ ಆದದ್ದು. ಅದನ್ನು ನೋಂದಾಯಿಸಬೇಕು ಎಂಬ ಮಾತೇ ಆ ಕಾಲದಲ್ಲಿ ನಮ್ಮ ಕಡೆ ಇರಲಿಲ್ಲ. ಅಪ್ಪ ಸರ್ಕಾರಿ ಶಾಲೆಯ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ ಅವ್ವ ಹೈದರಾಬಾದಿಗೆ ಬಂದು ನನ್ನ ಜೊತೆ ಇದ್ದಾಳೆ. ಜರ್ಮನಿಯಲ್ಲಿರುವ ತಂಗಿಗೆ ಮಗುವಾದಾಗ ಮೊಮ್ಮಗುವನ್ನು ನೋಡಬೇಕು ಎಂದಳು. ವೀಸಾ ಅರ್ಜಿಯ ಕೆಲಸ ನನ್ನ ಪಾಲಿಗೆ ಬಂತು.

ಅರ್ಜಿ ಕೇಂದ್ರದ ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ನಮ್ಮ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಇದ್ದುದಕ್ಕೆ ಟಿಕ್ ಹಾಕಿ, ಇಲ್ಲದ್ದನ್ನು ಹಳದಿ ಹೈಲೈಟರಿನಲ್ಲಿ ಗೀಚುತ್ತಾ ಹೋದಳು. ತಾಯಿಯ ಜನನ ಪ್ರಮಾಣಪತ್ರ ಬೇಕು. ತಾಯಿಯ ಮದುವೆ ಪ್ರಮಾಣಪತ್ರ ಬೇಕು. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿ ಪುಟಕ್ಕೂ ಬ್ಯಾಂಕಿನ ಸೀಲು ಬೇಕು. ಪ್ರಯಾಣ ವಿಮೆಯನ್ನು ಪಕ್ಕದ ಮೇಜಿನಲ್ಲೇ ಮಾಡಿಸಬೇಕು. ಪ್ರತಿಯೊಂದಕ್ಕೂ ಒಂದೇ ಮಾತು: “ಕಂಪಲ್ಸರಿ ಸಾರ್.” ಗಂಡ ತೀರಿಹೋಗಿ ವರ್ಷಗಳಾದ ಎಪ್ಪತ್ತು ದಾಟಿದ ಹೆಂಗಸಿಗೆ ನಿಮ್ಮ ಮದುವೆಯಾದದ್ದಕ್ಕೆ ದಾಖಲೆ ತೋರಿಸಿ ಎಂದಾಗ, ಅವ್ವ ನನ್ನ ಮುಖ ನೋಡಿದಳು. “ಏನ್ ಕೇಳ್ಲಿಕತ್ತಾರ?” ಎಂದಳು. ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕೊಟ್ಟ ಕೆಲಸ ಎಲ್ಲರಿಗೂ ಒಂದೇ ಪಟ್ಟಿ ಹಿಡಿದು ನೋಡುವುದು. ಆದರೆ ಆ ಪಟ್ಟಿ ಯಾರದು, ಅದಕ್ಕೆ ಬಲ ಎಲ್ಲಿಂದ ಬಂತು ಎಂಬುದನ್ನು ನಾವು ತಿಳಿದುಕೊಳ್ಳದಿದ್ದರೆ ನಮ್ಮಂಥವರ ಮನೆಯ ಮುದುಕರು ಎಲ್ಲಿಗೂ ಹೋಗುವಂತಿಲ್ಲ. ಹಾಗಾಗಿ ಅಂದು ಅರ್ಜಿ ಕೊಡದೆ ವಾಪಸು ಬಂದು, ನಿಯಮವನ್ನೇ ಓದಲು ಕುಳಿತೆ.

ಜರ್ಮನಿಯೂ ಸೇರಿದಂತೆ ಷೆಂಗೆನ್ ದೇಶಗಳ ವೀಸಾಕ್ಕೆ ಒಂದು ಸಂಹಿತೆ ಇದೆ. ಐರೋಪ್ಯ ಒಕ್ಕೂಟ 2009ರಲ್ಲಿ ಮಾಡಿದ್ದು, 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, 2019ರಲ್ಲಿ ತಿದ್ದುಪಡಿಯಾಗಿದೆ. ಅಂತರಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಅದರಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 43ನೇ ವಿಧಿ: ನಾವು ಹೋಗಿದ್ದಂಥ ಹೊರಗುತ್ತಿಗೆಯ ಕೇಂದ್ರಗಳು ಅರ್ಜಿಯನ್ನು ತೆಗೆದುಕೊಳ್ಳಬಹುದು, ಬೆರಳಚ್ಚು ಪಡೆಯಬಹುದು, ಶುಲ್ಕ ವಸೂಲು ಮಾಡಬಹುದು, ಆದರೆ ಅರ್ಜಿಯ ಪರಿಶೀಲನೆ, ಸಂದರ್ಶನ, ತೀರ್ಮಾನ, ಸ್ಟಿಕ್ಕರ್ ಅಂಟಿಸುವುದು ಇವೆಲ್ಲ ದೂತಾವಾಸದ ಕೆಲಸ. ಅಂದರೆ ಕೌಂಟರು ಒಂದು ಅಂಚೆಪೆಟ್ಟಿಗೆ ಇದ್ದ ಹಾಗೆ. 19ನೇ ವಿಧಿ ಇನ್ನೂ ಮುಖ್ಯ. ಅವಧಿಯೊಳಗೆ ಸಲ್ಲಿಸಿದ, ತುಂಬಿ ಸಹಿ ಮಾಡಿದ ಫಾರಂ, ಪಾಸ್‌ಪೋರ್ಟು, ಫೋಟೋ, ಬೆರಳಚ್ಚು, ಶುಲ್ಕ ಇಷ್ಟಿದ್ದರೆ ಅರ್ಜಿ ಸ್ವೀಕಾರಕ್ಕೆ ಯೋಗ್ಯ. ಉಳಿದ ಪೂರಕ ದಾಖಲೆಗಳು ಕಡಿಮೆಯಿದ್ದರೆ ವೀಸಾ ನಿರಾಕರಣೆಯಾಗಬಹುದು, ಅದು ಬೇರೆ ಮಾತು. ಆ ಅಪಾಯವನ್ನು ಹೊರಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ಅರ್ಜಿದಾರರು.

ಇನ್ನೊಂದು ಬದಿಯನ್ನೂ ಹೇಳಬೇಕು. ಸಂಹಿತೆಯಲ್ಲಿರುವ ಪೂರಕ ದಾಖಲೆಗಳ ಪಟ್ಟಿ ಪೂರ್ತಿ ಪಟ್ಟಿಯಲ್ಲ, ಅದನ್ನು ಸಂಹಿತೆಯೇ ಹೇಳುತ್ತದೆ. ದೂತಾವಾಸ ಬೇಕೆನಿಸಿದರೆ ಇನ್ನಷ್ಟು ಕೇಳಬಹುದು, ಸಂದರ್ಶನಕ್ಕೂ ಕರೆಯಬಹುದು. ಹಾಗಾಗಿ “ಪಟ್ಟಿಯಲ್ಲಿಲ್ಲ, ಕೊಡುವುದಿಲ್ಲ” ಎಂದು ದೂತಾವಾಸದ ಮುಂದೆ ಹಟ ಹಿಡಿಯಲು ಬರುವುದಿಲ್ಲ. ಕೇಳಿದವರು ಯಾರು ಎಂಬುದರ ಮೇಲೆ ನಮ್ಮ ಉತ್ತರ ನಿಂತಿದೆ.

ಕೇಳಿದಾಗ ಅನ್ಯಾಯ ಅನಿಸಿ, ಆಮೇಲೆ ನೋಡಿದರೆ ಸರಿಯಾಗಿದ್ದ ಬೇಡಿಕೆಗಳೂ ಇದ್ದವು. ಅವ್ವನ ಪಾಸ್‌ಪೋರ್ಟಿನಲ್ಲಿ ಬೀದರ್ ಜಿಲ್ಲೆಯ ವಿಳಾಸ ಇತ್ತು. ಹೈದರಾಬಾದಿನಲ್ಲಿ ಅರ್ಜಿ ಹಾಕಬೇಕಾದರೆ ಇಲ್ಲಿ ವಾಸವಿದ್ದದ್ದಕ್ಕೆ ಆಧಾರ ತೋರಿಸಿ ಎಂದರು. ಅದು ನ್ಯಾಯವಾದ ಪ್ರಶ್ನೆ. ದೂತಾವಾಸಗಳಿಗೆ ಸಾಮಾನ್ಯವಾಗಿ ಇಂತಿಂಥ ರಾಜ್ಯ ಎಂದು ವ್ಯಾಪ್ತಿ ಇರುತ್ತದೆ, ಆ ವ್ಯಾಪ್ತಿಯಲ್ಲಿ ವಾಸಿಸುವವರು ಅಲ್ಲೇ ಅರ್ಜಿ ಹಾಕಬೇಕು. ತಂಗಿ ತನ್ನ ಊರಿನ ವಿದೇಶಿಯರ ಕಚೇರಿಯಲ್ಲಿ 29 ಯೂರೋ ಕಟ್ಟಿ, ಅವ್ವನ ಖರ್ಚೆಲ್ಲ ತನ್ನದು ಎಂದು ಬರೆದುಕೊಟ್ಟ ಮುಚ್ಚಳಿಕೆಯ ಮೂಲಪ್ರತಿಯೇ ಬೇಕು, ಸ್ಕ್ಯಾನ್ ಆಗದು ಎಂದಾಗಲೂ ನನಗೆ ರೇಗಿತ್ತು. ಆದರೆ ಅದು ಜರ್ಮನ್ ಕಾನೂನಿನ ಪ್ರಕಾರ ಕೊಡುವ ಪತ್ರ, ಮೂಲಪ್ರತಿಗೇ ಬೆಲೆ. ಕೇಳಿದರೆ ನಂಬಲಾಗದಂಥ ನಿಯಮಗಳು ನಿಜವೇ ಆಗಿರುವುದೂ ಉಂಟು. ಅರಬ್ ಸಂಯುಕ್ತ ಸಂಸ್ಥಾನಗಳು 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರನ್ನು ಪ್ರವಾಸಿ ವೀಸಾದ ಮೇಲೆ ಬಿಡುವುದಿಲ್ಲ ಎಂದಾಗ, ಮನೆತನದ ಹೆಸರಿನ ಅಂಕಣ ಖಾಲಿ ಬಿಟ್ಟಿದ್ದ ಎಷ್ಟೋ ಕನ್ನಡ, ತಮಿಳು ಮನೆಗಳಲ್ಲಿ ಗಾಬರಿಯಾಯಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂತು. ಯಾವುದೋ ಏಜೆಂಟ್ ಕಟ್ಟಿದ ಕಥೆ ಎಂದು ಅದನ್ನು ತಳ್ಳಿಹಾಕಿದವರು ವಿಮಾನ ನಿಲ್ದಾಣದಿಂದ ಹಿಂದಿರುಗುವ ಸಾಧ್ಯತೆ ಇತ್ತು.

ಇನ್ನು ಹೈದರಾಬಾದಿನ ಅಮೀರಪೇಟೆಯ ಏಜೆಂಟರ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ತರಬೇತಿ, ವಿದೇಶಿ ವಿದ್ಯಾಭ್ಯಾಸ, ವೀಸಾ ಎಂಬ ಬೋರ್ಡುಗಳು ಒಂದರ ಮೇಲೊಂದು ಹತ್ತಿಕೊಂಡಿರುವ ಜಾಗ ಅದು. ಗೆಳೆಯನೊಬ್ಬ ಅಲ್ಲಿಯ ಏಜೆಂಟರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ನಮ್ಮ ಪಟ್ಟಿ ನೋಡಿ ಹೆಚ್ಚು ಮಾತಾಡಲಿಲ್ಲ. ಜನನ ಪ್ರಮಾಣಪತ್ರ ಎರಡು ದಿನದಲ್ಲಿ, ಮದುವೆಯದು ಒಂದು ವಾರದಲ್ಲಿ, ರಿಟರ್ನ್ಸ್ ನಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ ಎಂದರು. ಎಲ್ಲ ಒರಿಜಿನಲ್ಲೇ ಎಂದು ಮತ್ತೆ ಮತ್ತೆ ಹೇಳಿದರು.

1952ರಲ್ಲಿ ಹುಟ್ಟಿದವಳಿಗೆ ಎರಡು ದಿನದಲ್ಲಿ ನಿಜವಾದ ಜನನ ಪ್ರಮಾಣಪತ್ರ ಸಿಗುವುದು ಸಾಧ್ಯವೇ ಇಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರದು. ಹುಟ್ಟಿ ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಬೇಕಾದರೆ ವಿಚಾರಣೆಯಾಗಿ ಆದೇಶ ಆಗಬೇಕು. ಮೊದಲು ಆ ಅಧಿಕಾರ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರದಾಗಿತ್ತು, 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯದು. ಇದನ್ನೆಲ್ಲ ಬಿಟ್ಟು ಎರಡು ದಿನದಲ್ಲಿ ಬರುವ ಕಾಗದ ಸುಳ್ಳು ಕಾಗದವೇ. ಅದರ ಕೆಳಗೆ ಅವ್ವ ಸಹಿ ಮಾಡಿದ ಅರ್ಜಿ ಇರುತ್ತದೆ, ಏಜೆಂಟರ ಹೆಸರು ಎಲ್ಲಿಯೂ ಇರುವುದಿಲ್ಲ. ಸಿಕ್ಕಿಬಿದ್ದರೆ ಮುಂದಿನದು ಅವಳಿಗೆ. ಷೆಂಗೆನ್ ದೇಶಗಳ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಒಬ್ಬರ ಅರ್ಜಿಯ ದಾಖಲೆ ಐದು ವರ್ಷದವರೆಗೆ ಉಳಿಯುತ್ತದೆ, ಒಂದು ದೇಶ ನಿರಾಕರಿಸಿದ್ದನ್ನು ಇನ್ನೊಂದು ದೇಶ ನೋಡುತ್ತದೆ. ಬ್ರಿಟನ್ನಿನಲ್ಲಿ ವೀಸಾ ಅರ್ಜಿಯಲ್ಲಿ ಮೋಸ ಮಾಡಿದ್ದು ಸಾಬೀತಾದರೆ ಹತ್ತು ವರ್ಷದ ನಿಷೇಧ. ಅಮೆರಿಕದ ಕಾನೂನಿನಲ್ಲಿ ಅದಕ್ಕೆ ಕಾಲಮಿತಿಯೇ ಇಲ್ಲ, ಜೀವಮಾನಪೂರ್ತಿ ಅಡ್ಡ ಬರಬಹುದು. ಇರುವ ಸತ್ಯವನ್ನು ತೋರಿಸಲು ಕಾಗದ ಸಾಲದೆ ವೀಸಾ ಸಿಗದಿದ್ದರೆ ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಕಾಗದ ಕೊಟ್ಟವರಿಗೆ ಆ ಬಾಗಿಲು ಹಾಗೆ ತೆರೆದಿರುವುದಿಲ್ಲ. ನಾವು ಎದ್ದು ಬಂದೆವು.

ಆಮೇಲೆ ದೂತಾವಾಸಕ್ಕೆ ಮೇಲ್ ಬರೆದೆ. ಉದ್ದ ಬರೆಯಲಿಲ್ಲ. ಅರ್ಜಿದಾರರ ವಯಸ್ಸು, ಭೇಟಿಯ ಉದ್ದೇಶ, ನಿಮ್ಮ ಪ್ರಕಟಿತ ಪಟ್ಟಿಯಲ್ಲಿ ಇಲ್ಲದ ಈ ಎರಡು ಪ್ರಮಾಣಪತ್ರ ಬೇಕೆಂದು ಕೇಂದ್ರದಲ್ಲಿ ಹೇಳಿದ್ದಾರೆ, ಇದು ನಿಮ್ಮ ಬೇಡಿಕೆಯೇ? ಇಷ್ಟೇ. ಕೆಲವು ದಿನಗಳ ಮೇಲೆ ಉತ್ತರ ಬಂತು: ಪಟ್ಟಿಯಲ್ಲಿರುವುದನ್ನು ಕೊಡಿ, ಸಂಬಂಧವನ್ನು ತೋರಿಸುವ ಬೇರೆ ಆಧಾರ ಇದ್ದರೆ ಸೇರಿಸಿ, ಹೆಚ್ಚಿನದು ಬೇಕಾದರೆ ನಾವೇ ಕೇಳುತ್ತೇವೆ. ಅದನ್ನು ಪ್ರಿಂಟ್ ತೆಗೆದು ಫೈಲಿನ ಮೇಲೆಯೇ ಇಟ್ಟೆ. ಬಾಯಿಮಾತಿನ “ಕಂಪಲ್ಸರಿ”ಯ ಎದುರು ಇಂಥ ಒಂದು ಪುಟದಷ್ಟು ಕೆಲಸಕ್ಕೆ ಬರುವುದು ಬೇರೇನೂ ಇಲ್ಲ.

ಸಂಬಂಧಕ್ಕೆ ಏನು ಆಧಾರ ಎಂದು ಹುಡುಕುತ್ತಾ ಅಪ್ಪನ ಟ್ರಂಕು ತೆಗೆದೆವು. ಅದರಲ್ಲಿ ಪಿಂಚಣಿ ಪಾವತಿ ಆದೇಶ ಸಿಕ್ಕಿತು. ಅಪ್ಪನ ಹೆಸರು, ಕುಟುಂಬ ಪಿಂಚಣಿಗೆ ಅರ್ಹಳಾದ ಪತ್ನಿ ಎಂದು ಅವ್ವನ ಹೆಸರು, ಜೊತೆಗಿದ್ದ ಕಾಗದಕ್ಕೆ ಅಂಟಿಸಿದ ಇಬ್ಬರ ಜೋಡಿ ಫೋಟೋ, ಅದರ ಮೂಲೆಯ ಮೇಲೆ ಅರ್ಧ ಬಿದ್ದ ಇಲಾಖೆಯ ಮೊಹರು. ಫೋಟೋದಲ್ಲಿ ಅಪ್ಪ ಟೋಪಿ ಹಾಕಿ ನೆಟ್ಟಗೆ ಕುಳಿತಿದ್ದರು, ಅವ್ವ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಿದ್ದಳು. ಮದುವೆ ಪ್ರಮಾಣಪತ್ರ ಹೇಳಬೇಕಾದದ್ದನ್ನೆಲ್ಲ ಸರ್ಕಾರವೇ ಮೊಹರು ಹಾಕಿ ಹೇಳಿತ್ತು, ಅದರ ಮೇಲೆ ಅವಳಿಗೆ ಪ್ರತಿ ತಿಂಗಳು ಆದಾಯ ಇದೆ ಎಂಬುದನ್ನೂ ಹೇಳಿತ್ತು. ಕೌಂಟರಿನ ಪಟ್ಟಿಯಲ್ಲಿ ಇಂಥ ಕಾಗದಕ್ಕೆ ಹೆಸರಿಲ್ಲ. ಆದ್ದರಿಂದಲೇ ಹೇಳುತ್ತೇನೆ: ಇಲ್ಲದ ಕಾಗದದ ಹಿಂದೆ ಓಡುವ ಮೊದಲು ಮನೆಯ ಟ್ರಂಕು ತೆಗೆದು ನೋಡಬೇಕು. ನಮ್ಮ ಹಿರಿಯರ ಬದುಕು ಜನನ ನೋಂದಣಿಯಲ್ಲಿ ಸಿಗದಿರಬಹುದು. ಪಿಂಚಣಿ, ಪಹಣಿ, ಎಲ್‌ಐಸಿ ಪಾಲಿಸಿ, ಮತದಾರರ ಪಟ್ಟಿ ಇವುಗಳಲ್ಲಿ ಎಲ್ಲೋ ಸಿಕ್ಕೇ ಸಿಗುತ್ತದೆ. ಜನನದ ದಾಖಲೆಯೇ ಬೇಕು ಎಂದು ಅಧಿಕಾರವಿದ್ದವರು ಕೇಳಿದರೆ, ದಾಖಲೆ ಲಭ್ಯವಿಲ್ಲ ಎಂದು ನೋಂದಣಾಧಿಕಾರಿಯೇ ಬರೆದುಕೊಡುವ ನಮೂನೆ 10 ಇದೆ. ಅದು ಕಾನೂನುಬದ್ಧ ದಾರಿ.

ನಮಗೆ ನಿಜವಾದ ತೊಡಕು ಹೆಸರಿನದಾಗಿತ್ತು. ಅವ್ವನ ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಕೊನೆಗೆ ‘ಬಾಯಿ’ ಇದೆ, ತಂಗಿಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ‘ಅಮ್ಮ’ ಎಂದು ಮುಗಿಯುತ್ತದೆ. ಬೀದರ್ ಕಡೆಯವರಿಗೆ ಇದು ಮಾಮೂಲು, ಜರ್ಮನ್ ಅಧಿಕಾರಿಗೆ ಇಬ್ಬರು ಹೆಂಗಸರು. ಇದಕ್ಕೆ ಅಫಿಡವಿಟ್ ಮಾಡಿಸುವುದು ಸರಿಯಾದ ಕ್ರಮವೇ. ನಾಂಪಲ್ಲಿ ಕೋರ್ಟಿನ ಬಳಿ ಟೈಪಿಸ್ಟ್ ಸಿದ್ಧ ಮಾದರಿಯೊಂದನ್ನು ತೆಗೆದು, ಹೆಸರು ಬದಲಿಸಿ ಕೈಗಿಟ್ಟ. ಓದಿದರೆ ಅದರಲ್ಲಿ ಅವ್ವ ಇಂಥ ಆಸ್ಪತ್ರೆಯಲ್ಲಿ ಹುಟ್ಟಿದಳು ಎಂಬ ಸಾಲು ಇತ್ತು. ಅವ್ವ ಹುಟ್ಟಿದ್ದು ಮನೆಯ ಒಳಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆ ಸಾಲನ್ನು ತೆಗೆಸಿದೆ. “ಯಾರೂ ಓದೋದಿಲ್ಲ ಸಾರ್” ಎಂದ. ಪ್ರಮಾಣ ಮಾಡಿ ಸಹಿ ಹಾಕುವವಳು ಅವ್ವ. ಓದಲು ಬಾರದ ಭಾಷೆಯಲ್ಲಿರುವ ಕಾಗದಕ್ಕೆ ಅವಳ ಸಹಿ ಪಡೆಯುವ ಮೊದಲು ಪ್ರತಿ ಸಾಲನ್ನೂ ಅವಳಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಇದರಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಹಾಗೆಯೇ ನಮ್ಮ ಕನ್ನಡ ಪಹಣಿಯ ಇಂಗ್ಲಿಷ್ ಅನುವಾದವನ್ನು, ಕನ್ನಡ ಬಾರದ ನೋಟರಿಯೊಬ್ಬರು ನೋಡದೆಯೇ ಸರಿಯಾಗಿದೆ ಎಂದು ಮೊಹರು ಹಾಕಲು ತಯಾರಿದ್ದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಪರಿಚಯವಿದ್ದ ನಿವೃತ್ತ ಶಿಕ್ಷಕರೊಬ್ಬರು ಸರ್ವೆ ನಂಬರಿನಿಂದ ಹಿಡಿದು ಒಂದೊಂದು ಅಂಕಣವನ್ನೂ ಹೊಂದಿಸಿ ನೋಡಿ ಅನುವಾದ ತಿದ್ದಿಕೊಟ್ಟರು. ಎಕರೆ ಗುಂಟೆಯ ಲೆಕ್ಕ ಒಂದು ಕಡೆ ತಪ್ಪಿತ್ತು.

ಉಳಿದವು ಬೇಗ ಮುಗಿದವು. ತೆರಿಗೆ ಮಿತಿಗಿಂತ ಕಡಿಮೆ ಆದಾಯದವಳು ರಿಟರ್ನ್ಸ್ ಸಲ್ಲಿಸಿಲ್ಲ ಎಂದು ಒಂದು ಪತ್ರದಲ್ಲಿ ಬರೆದೆವು. ವಿಮೆಗೆ ಸಂಹಿತೆ ಕೇಳುವುದು ಕನಿಷ್ಠ 30,000 ಯೂರೋ ರಕ್ಷಣೆ ಮತ್ತು ಎಲ್ಲ ಷೆಂಗೆನ್ ದೇಶಗಳಲ್ಲಿ ಮಾನ್ಯತೆ. ಯಾವ ಮೇಜಿನಲ್ಲಿ ಮಾಡಿಸಬೇಕು ಎಂದು ಅದರಲ್ಲಿಲ್ಲ. ಹೊರಗೆ ಮಾಡಿಸಿದೆವು. ಬ್ಯಾಂಕ್ ಸೀಲನ್ನು ಮಾತ್ರ ಪ್ರತಿ ಪುಟಕ್ಕೂ ಹಾಕಿಸಿದೆವು. ಅದರಲ್ಲಿ ಸುಳ್ಳಿಲ್ಲ, ಖರ್ಚಿಲ್ಲ, ಶಾಖೆಯವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟರು. ಎಲ್ಲದಕ್ಕೂ ಜಗಳ ಆಡಿದರೆ ಆಡಬೇಕಾದ ಜಗಳಕ್ಕೆ ಶಕ್ತಿ ಉಳಿಯುವುದಿಲ್ಲ.

ಮತ್ತೆ ಕೌಂಟರಿಗೆ ಹೋದಾಗ ಬೇರೊಬ್ಬ ಹುಡುಗ ಇದ್ದ. ಅವನೂ ಜನನ ಪ್ರಮಾಣಪತ್ರ ಕೇಳಿದ. ದೂತಾವಾಸದ ಉತ್ತರ ತೋರಿಸಿ, ಈ ದಾಖಲೆ ಇಲ್ಲದೆ ಸಲ್ಲಿಸುತ್ತಿದ್ದೇವೆ ಎಂದು ನಿಮ್ಮ ಪಟ್ಟಿಯಲ್ಲೇ ಬರೆಯಿರಿ, ಸಹಿ ಮಾಡುತ್ತೇವೆ ಎಂದೆ. ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದು, ಹಾಗೆಯೇ ಬರೆದು ಅರ್ಜಿ ತೆಗೆದುಕೊಂಡ. ಬೆರಳಚ್ಚಿಗೆ ಕೂತಾಗ ಯಂತ್ರ ಅವ್ವನ ಬೆರಳು ಹಿಡಿಯಲಿಲ್ಲ. ವರ್ಷಗಟ್ಟಲೆ ತೊಗರಿ ಕಳೆ ತೆಗೆದು, ಪಾತ್ರೆ ತಿಕ್ಕಿ ಗೆರೆಗಳು ಸವೆದಿದ್ದವು. ಆ ಕೋಣೆಯಲ್ಲಿದ್ದ ಹೆಂಗಸು ಒದ್ದೆ ಬಟ್ಟೆಯಿಂದ ಒಂದೊಂದು ಬೆರಳನ್ನೂ ಒರೆಸಿ, ಒತ್ತಿ ಹಿಡಿದು, ಹತ್ತೂ ಬರುವವರೆಗೆ ತಾಳ್ಮೆಯಿಂದ ಮಾಡಿದಳು.

ದೂತಾವಾಸಕ್ಕೆ ತೀರ್ಮಾನ ಹೇಳಲು ಸಾಮಾನ್ಯವಾಗಿ 15 ದಿನ, ಹೆಚ್ಚೆಂದರೆ 45. ಆ ನಡುವೆ ಅವ್ವ ಚಿಲುಕೂರಿನ ಬಾಲಾಜಿಗೆ 11 ಪ್ರದಕ್ಷಿಣೆ ಹಾಕಿ ಬಂದಳು. ವೀಸಾ ಬಂತು. ದೂತಾವಾಸದಿಂದ ಜನನ, ಮದುವೆ ಪ್ರಮಾಣಪತ್ರಗಳ ಮಾತೇ ಬರಲಿಲ್ಲ.

ಅವಳ ಬೆರಳಚ್ಚು 59 ತಿಂಗಳು ಮಾನ್ಯವಿರುತ್ತದೆ, ಅಷ್ಟರೊಳಗೆ ಮತ್ತೆ ಅರ್ಜಿ ಹಾಕಿದರೆ ಅದನ್ನೇ ಬಳಸಬಹುದು. ತಂಗಿ ತನ್ನ ಪಾಸ್‌ಪೋರ್ಟು ನವೀಕರಿಸುವಾಗ ತಾಯಿಯ ಹೆಸರನ್ನು ಅವ್ವನ ಪಾಸ್‌ಪೋರ್ಟಿನಲ್ಲಿರುವಂತೆಯೇ ತಿದ್ದಿಸಬೇಕು ಎಂದುಕೊಂಡಿದ್ದಾಳೆ. ಅದಕ್ಕೆ ಬೇಕಾದ ಕಾಗದಗಳ ಪಟ್ಟಿಯನ್ನು ಈಗ ನೋಡುತ್ತಿದ್ದೇವೆ.