ಕೂಸಿನ ಸಂತೋಷ, ಪ್ರಸಾದಿಯ ಅವಧಾನ

ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣಿನ ಕಂಪು ಏಳುತ್ತಲೇ ಮಗು ಅಂಗಳಕ್ಕೆ ಓಡುತ್ತದೆ. ಹಸಿ ಜೋಳದ ತೆನೆಯನ್ನು ಸುಟ್ಟು ಉಜ್ಜಿ ಕೊಟ್ಟ ಒಂದು ಹಿಡಿ ಸೀತನಿಗೆ ಅದರ ಮುಖ ಅರಳುತ್ತದೆ. ಅದೇ ಮಳೆ, ಅದೇ ಸೀತನಿ ಹಿರಿಯರ ಪಾಲಿಗೂ ಬಂದಿವೆ. ಆದರೆ ಅವರಲ್ಲೊಬ್ಬನು ನೆನೆದ ಮೇವನ್ನು, ಇನ್ನೊಬ್ಬನು ಕಾಳಿನ ಧಾರಣೆಯನ್ನು ಚಿಂತಿಸುತ್ತಿರುತ್ತಾನೆ. ಸಂಸಾರಿಗೆ ಚಿಂತೆ ಸಹಜವೇ. ಆದರೂ ಬಾಲ್ಯದೊಡನೆ ಹೋದ ಆ ಸಂತೋಷವು ಮರಳಿ ಬಾರದೆ? ಈ ಪ್ರಶ್ನೆಗೆ ಶರಣರ ಪ್ರಸಾದತತ್ತ್ವದಲ್ಲಿ ಉತ್ತರವಿದೆ.

ಪ್ರಸಾದ ಶಬ್ದಕ್ಕೆ ಸಂಸ್ಕೃತದಲ್ಲಿ ಅನುಗ್ರಹ, ಪ್ರಸನ್ನತೆ, ತಿಳಿತನ ಎಂಬ ಅರ್ಥಗಳುಂಟು. ಕದಡಿದ ನೀರು ತಿಳಿಯಾಗುವುದೂ ಪ್ರಸಾದವೇ. ಹೊಲದಿಂದ ಮನೆಗೆ ಬಂದುದು ಪದಾರ್ಥ. ಲಿಂಗಕ್ಕೆ ಅರ್ಪಿತವಾಗಿ ಕೈಗೆ ಬಂದುದು ಪ್ರಸಾದ. ಅರ್ಪಣದಿಂದ ರೊಟ್ಟಿ ಬೇರೆಯಾಗುವುದಿಲ್ಲ. ಉಣ್ಣುವವನ ಮನಸ್ಸು ಬೇರೆಯಾಗುತ್ತದೆ. ‘ಇದು ನನ್ನ ಗಳಿಕೆ’ ಎಂಬ ಕದಡು ಕೆಳಗಿಳಿದು, ‘ಇದು ಅವನಿತ್ತುದು’ ಎಂಬ ತಿಳಿವು ಮೇಲೆ ನಿಲ್ಲುತ್ತದೆ.

ಈ ಅರ್ಪಣವು ಅನ್ನವೊಂದಕ್ಕೇ ಸಂಬಂಧಿಸಿದುದಲ್ಲ. ನಾಸಿಕದ ಗಂಧವು ಆಚಾರಲಿಂಗಕ್ಕೆ, ನಾಲಗೆಯ ರುಚಿಯು ಗುರುಲಿಂಗಕ್ಕೆ, ಕಣ್ಣಿನ ರೂಪವು ಶಿವಲಿಂಗಕ್ಕೆ, ತ್ವಕ್ಕಿನ ಸ್ಪರ್ಶವು ಜಂಗಮಲಿಂಗಕ್ಕೆ, ಕಿವಿಯ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದ ತೃಪ್ತಿಯು ಮಹಾಲಿಂಗಕ್ಕೆ ಸಲ್ಲುವುದೆಂದು ಷಟ್‌ಸ್ಥಲ ಶಾಸ್ತ್ರವು ಹೇಳುತ್ತದೆ. ಹಾಗಾದರೆ ಮಳೆಯ ಕಂಪು, ಸೀತನಿಯ ಸವಿ, ಬೆಳಗಿನ ತಂಗಾಳಿ, ಹಕ್ಕಿಯ ದನಿ ಇವೆಲ್ಲವೂ ಪೂಜಾದ್ರವ್ಯಗಳೇ ಆದುವು. ಇಂದ್ರಿಯಗಳನ್ನು ಕೊಲ್ಲಬೇಕೆಂಬುದು ಶರಣರ ಮಾರ್ಗವಲ್ಲ. ಅವುಗಳ ಸುಖವನ್ನು ಲಿಂಗಮುಖಕ್ಕೆ ತಿರುಗಿಸಬೇಕೆಂಬುದು ಅವರ ಮಾರ್ಗ.

ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳುವಲ್ಲಿಯೂ ಗಮನಿಸಬೇಕಾದುದೊಂದು ಉಂಟು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಆನಂದವು ಐದನೆಯದು, ಅದಕ್ಕೆ ಮೊದಲು ಬರುವುದು ಅವಧಾನ. ಅವಧಾನವೆಂದರೆ ಎಚ್ಚರದಿಂದ ಕೂಡಿದ ಗಮನ. ಆನಂದವನ್ನೇ ಹುಡುಕಿ ಹೊರಟವನಿಗೆ ಅದು ದೊರೆಯದು. ಬಂದುದನ್ನು ಅವಧಾನದಿಂದ ಸ್ವೀಕರಿಸಿದವನಲ್ಲಿ ಅದು ತಾನಾಗಿ ಹುಟ್ಟುತ್ತದೆ.

ಹಂಪೆಯ ಹರಿಹರನು ರಗಳೆಯಲ್ಲಿ ಹಾಡಿದ ಕೋಳೂರ ಕೊಡಗೂಸಿನ ಕಥೆಯು ಇದಕ್ಕೆ ನಿದರ್ಶನ. ತಂದೆಯು ಪರಸ್ಥಳಕ್ಕೆ ಹೋಗುವಾಗ ಶಿವನಿಗೆ ಹಾಲನ್ನು ಅರ್ಪಿಸುವ ಕೆಲಸವನ್ನು ಮಗಳಿಗೆ ಒಪ್ಪಿಸುತ್ತಾನೆ. ಇಟ್ಟ ಹಾಲು ಇಟ್ಟಂತೆಯೇ ಇದ್ದುದನ್ನು ಕಂಡು ಕೂಸು ಕಳವಳಗೊಳ್ಳುತ್ತದೆ, ಬೇಡುತ್ತದೆ, ಅಳುತ್ತದೆ. ಕೊನೆಗೆ ಶಿವನು ಕುಡಿಯುತ್ತಾನೆ. ಮರಳಿ ಬಂದ ತಂದೆಗೆ ಮಗಳ ಮಾತಿನಲ್ಲಿ ನಂಬಿಕೆ ಹುಟ್ಟುವುದಿಲ್ಲ. ಕೂಸು ಲಿಂಗದಲ್ಲಿ ಒಂದಾಗುತ್ತದೆ. ತಂದೆಯು ಹೊರಗೆ ಉಳಿಯುತ್ತಾನೆ. ಅವನು ನಾಸ್ತಿಕನಲ್ಲ, ಪೂಜೆಯನ್ನು ಬಿಟ್ಟವನೂ ಅಲ್ಲ. ಆದರೆ ಶಿವನು ಕುಡಿದಾನೆಂಬ ನಿರೀಕ್ಷೆಯೇ ಅವನಲ್ಲಿ ಇರಲಿಲ್ಲ. ನಿತ್ಯವೂ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು ಪೂಜಿಸುವವರು ಈ ತಂದೆಯ ಸ್ಥಿತಿಯನ್ನು ನೆನೆದು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು ಲೇಸು. ಕೈಗಳು ಅರ್ಪಿಸಿ ಮನಸ್ಸು ಬೇರೆಡೆ ಇದ್ದರೆ, ಅದು ಎಷ್ಟು ವರ್ಷಗಳ ಪೂಜೆಯಾದರೂ ಅನರ್ಪಿತವೇ.

ಮಗುವಿನ ಸಂತೋಷವು ಅರಿಯದ ವಯಸ್ಸಿನದು, ಅರಿತವನು ಅಲ್ಲಿಗೆ ಮರಳುವುದೆಂತು ಎಂದು ಕೇಳಬಹುದು. ಈ ಶಂಕೆ ಯುಕ್ತವಾದುದು. ಮಗುವು ಸವಿಯನ್ನು ಬಲ್ಲುದು, ಇತ್ತವನನ್ನು ಅರಿಯದು. ಸೀತನಿ ಮುಗಿದೊಡನೆ ಅಳುತ್ತದೆ. ಶರಣನು ಸವಿಯನ್ನೂ ಬಲ್ಲನು, ಇತ್ತವನನ್ನೂ ಬಲ್ಲನು. ಆದುದರಿಂದ ಸವಿ ಮುಗಿದ ಮೇಲೂ ಅವನ ತೃಪ್ತಿ ಮುಗಿಯದು. ಬಾಲ್ಯಕ್ಕೆ ಮರಳುವುದು ಸಾಧ್ಯವಿಲ್ಲ. ಅರಿವಿನೊಡನೆ ಮುಗ್ಧತೆಯನ್ನು ಪಡೆಯುವುದು ಸಾಧ್ಯ.

ಇದಕ್ಕೆ ಸಿರಿವಂತಿಕೆಯೂ ಬೇಕಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ಆ ದಿನಕ್ಕೆ ಸಾಲುವಷ್ಟನ್ನೇ ಅವಳು ತುಂಬಿದ ಕಣಜವೆಂದು ಕಂಡಳು. ಆದರೆ ಈ ಕಥೆಯನ್ನು ಹಸಿದವನ ಬಾಯಿ ಮುಚ್ಚಿಸಲು ಬಳಸಬಾರದು. ಆ ಅಕ್ಕಿಯಿಂದಲೇ ಅವರ ಮನೆಯಲ್ಲಿ ಜಂಗಮ ದಾಸೋಹವೂ ನಡೆಯುತ್ತಿತ್ತು. ಉಣ್ಣುವವನ ಕೃತಜ್ಞತೆಯು ಉಣಿಸುವ ಕೈಯಲ್ಲಿಯೇ ಪೂರ್ಣವಾಗುತ್ತದೆ.

ಸಾಧಕನು ಆರಂಭದಲ್ಲಿ ದಿನಕ್ಕೆ ಒಂದು ತುತ್ತನ್ನಾದರೂ ಮೌನದಿಂದ, ಅದರ ರುಚಿಯನ್ನು ಅರಿತು, ಮನಮುಟ್ಟಿ ಅರ್ಪಿಸಿ ಸ್ವೀಕರಿಸಲಿ. ಬಳಿಕ ಒಂದು ಗಂಧವನ್ನು, ಒಂದು ದನಿಯನ್ನು ಹಾಗೆಯೇ ಅರ್ಪಿಸಲಿ. ಮುಂದಿನ ಮಳೆಗೆ ಮಗುವು ಅಂಗಳಕ್ಕೆ ಓಡಿದಾಗ, ಹಿರಿಯನೂ ಹೊಸ್ತಿಲವರೆಗೆ ಬಂದು ನಿಂತರೆ, ಅವನ ಪೂಜೆಯು ಜೀವಂತವಾಗಿದೆಯೆಂದು ತಿಳಿಯಬಹುದು.