ಕೊಡಾಕ್ರೋಮ್: ಫಿಲ್ಮ್ ಇದೆ, ತೊಳೆಯೋರಿಲ್ಲ

ಒಂದು ಫಿಲ್ಮ್ ರೋಲ್ ಇದೆ ಅಂದ್ಕೊಳ್ಳಿ. ಹಳದಿ-ಕೆಂಪು ಡಬ್ಬಿ, ಸೀಲ್ ಒಡೆದಿಲ್ಲ, ಯಾರೋ ಫ್ರಿಜ್‌ನಲ್ಲಿ ಜೋಪಾನವಾಗಿ ಇಟ್ಟಿದ್ದು. ಕ್ಯಾಮೆರಾಗೆ ಹಾಕಿ ಕ್ಲಿಕ್ಕಿಸಿದರೆ ಬೆಳಕು ತನ್ನ ಕೆಲಸ ತಾನು ಮಾಡುತ್ತೆ, ಮೂವತ್ತಾರು ಚಿತ್ರಗಳು ಅದರೊಳಗೆ ದಾಖಲಾಗುತ್ತವೆ. ಆದರೆ ಆ ರೋಲನ್ನು ತೊಳೆದು ಬಣ್ಣದ ಚಿತ್ರ ಮಾಡಿ ಕೈಗೆ ಕೊಡುವ ಲ್ಯಾಬ್ ಇವತ್ತು ಒಂದೂ ಇಲ್ಲ. ಆ ಫಿಲ್ಮಿನ ಹೆಸರು ಕೊಡಾಕ್ರೋಮ್. 1935ರಿಂದ 2009ರವರೆಗೆ, ಅಂದ್ರೆ 74 ವರ್ಷ ಮಾರುಕಟ್ಟೆಯಲ್ಲಿದ್ದ ಉತ್ಪನ್ನ. ಇಂಥದ್ದು ಹೇಗೆ ಸಾಯುತ್ತೆ ಅನ್ನೋದು ಫೋಟೋಗ್ರಫಿ ಕ್ಲಬ್ಬಿನವರಿಗಿಂತ ಹೆಚ್ಚಾಗಿ ನಮ್ಮ ಕೆಮಿಕಲ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಗೆಳೆಯರು ತಿಳ್ಕೋಬೇಕಾದ ವಿಷಯ ಅಂತ ನನಗನ್ನಿಸುತ್ತೆ.

ಮೊದಲು ಸ್ಲೈಡ್ ಫಿಲ್ಮ್ ಅಂದ್ರೇನು ನೋಡೋಣ. ಮದುವೆ ಆಲ್ಬಮ್‌ಗಳ ಕಾಲದಲ್ಲಿ ಮನೆಮನೆಯಲ್ಲಿದ್ದದ್ದು ನೆಗೆಟಿವ್. ಅದರಲ್ಲಿ ಬಣ್ಣ ಉಲ್ಟಾ, ಪ್ರಿಂಟ್ ಹಾಕಿಸಿದ ಮೇಲೆ ಸರಿ. ಸ್ಲೈಡ್ ಫಿಲ್ಮಿನಲ್ಲಿ ಹಾಗಲ್ಲ. ಕ್ಯಾಮೆರಾದೊಳಗೆ ಹೋದ ಫಿಲ್ಮೇ ಕೊನೆಗೆ ನೇರ ಬಣ್ಣದ ಚಿತ್ರವಾಗಿ ಹೊರಬರುತ್ತೆ. ಅದನ್ನು ಚಿಕ್ಕ ಚೌಕಟ್ಟಿಗೆ ಸೇರಿಸಿ, ಪ್ರೊಜೆಕ್ಟರ್‌ಗೆ ಹಾಕಿ ಗೋಡೆ ಮೇಲೆ ನೋಡೋದು. ನಾವು ಸೆಮಿನಾರ್‌ಗೆ ಹಿಂದಿನ ರಾತ್ರಿ ಮಾಡುವ 'ಸ್ಲೈಡ್'ಗಳಿಗೆ ಆ ಹೆಸರು ಬಂದದ್ದೂ ಇಲ್ಲಿಂದಲೇ.

ಕೊಡಾಕ್ರೋಮ್ ಕಂಡುಹಿಡಿದ ಇಬ್ಬರೂ ಸಂಗೀತಗಾರರು! ಲಿಯೋಪೋಲ್ಡ್ ಮ್ಯಾನ್ಸ್ ಪಿಯಾನೋ ನುಡಿಸೋರು, ಲಿಯೋಪೋಲ್ಡ್ ಗೊಡೊವ್‌ಸ್ಕಿ ಪಿಟೀಲು. ಇಬ್ಬರ ಅಪ್ಪಂದಿರೂ ಹೆಸರಾಂತ ಸಂಗೀತಗಾರರೇ. ನ್ಯೂಯಾರ್ಕಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ಒಂದು ಬಣ್ಣದ ಸಿನಿಮಾ ನೋಡಿ, "ಇಷ್ಟು ಕೆಟ್ಟದಾಗಿದೆಯಲ್ಲ, ನಾವೇ ಮಾಡಿದ್ರೆ ಹೇಗೆ" ಅಂತ ಶುರುಮಾಡಿದ ಕೆಲಸ ಅದು. ವರ್ಷಗಟ್ಟಲೆ ಮನೆಯ ಅಡುಗೆಮನೆ, ಬಚ್ಚಲುಮನೆಗಳಲ್ಲೇ ಪ್ರಯೋಗ. ಕೊನೆಗೆ ಕೊಡಾಕ್ ಕಂಪನಿಯ ಸಂಶೋಧನಾ ಮುಖ್ಯಸ್ಥ ಕೆನೆತ್ ಮೀಸ್ ಇವರ ಕೆಲಸ ಮೆಚ್ಚಿ 1930ರಲ್ಲಿ ರಾಚೆಸ್ಟರ್‌ನ ಪ್ರಯೋಗಾಲಯಕ್ಕೆ ಕರೆಸಿಕೊಂಡ. ಕತ್ತಲ ಕೋಣೆಯಲ್ಲಿ ಗಡಿಯಾರ ನೋಡೋ ಹಾಗಿಲ್ಲವಲ್ಲ, ಅದಕ್ಕೆ ಬ್ರಾಹ್ಮ್ಸ್‌ನ ಸಿಂಫನಿಯೊಂದರ ಕೊನೆಯ ಭಾಗವನ್ನು ಸೆಕೆಂಡಿಗೆ ಎರಡು ಬೀಟ್‌ನಂತೆ ಶಿಳ್ಳೆ ಹಾಕಿ ಸಮಯ ಅಳೀತಿದ್ರಂತೆ. ಇಬ್ಬರ ಹೆಸರನ್ನೂ ಮೊಟಕುಮಾಡಿ "ಇದು ಗಾಡ್ ಮತ್ತು ಮ್ಯಾನ್ ಸೇರಿ ಮಾಡಿದ ಫಿಲ್ಮ್" ಅಂತ ತಮಾಷೆ ಮಾಡೋರು. 1935ರಲ್ಲಿ ಮೊದಲು 16 ಎಂಎಂ ಸಿನಿಮಾ ಫಿಲ್ಮಾಗಿ, ಮರುವರ್ಷ 35 ಎಂಎಂ ಸ್ಟಿಲ್ ಕ್ಯಾಮೆರಾಗೂ ಕೊಡಾಕ್ರೋಮ್ ಬಂತು.

ಈಗ ಇದರ ಒಳಗಿನ ಸಂಗತಿ. ಸ್ವಲ್ಪ ನಿಧಾನವಾಗಿ ಓದಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಯಾವುದೇ ಬಣ್ಣದ ಫಿಲ್ಮಿನಲ್ಲಿ ಮುಖ್ಯವಾಗಿ ಮೂರು ಪದರ. ಮೇಲಿನದು ನೀಲಿ ಬೆಳಕಿಗೆ, ನಡುವಿನದು ಹಸಿರಿಗೆ, ತಳದ್ದು ಕೆಂಪಿಗೆ ಸ್ಪಂದಿಸುತ್ತೆ. ಮೂರರಲ್ಲೂ ಇರೋದು ಬೆಳ್ಳಿಯ ಲವಣದ ಹರಳುಗಳು. ಬೆಳ್ಳಿಗೆ ಬಣ್ಣ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಕಪ್ಪಾಗೋದು ಮಾತ್ರ. ಹಾಗಾದ್ರೆ ಬಣ್ಣ ಎಲ್ಲಿಂದ? ಡೆವಲಪರ್ ರಾಸಾಯನಿಕವು ಹರಳನ್ನು ಬೆಳ್ಳಿಯಾಗಿಸುವಾಗ ತಾನು ಆಕ್ಸಿಡೀಕರಣಗೊಳ್ಳುತ್ತೆ. ಹಾಗಾದ ಡೆವಲಪರ್ 'ಕಪ್ಲರ್' ಎಂಬ ಇನ್ನೊಂದು ಅಣುವಿನ ಜೊತೆ ಸೇರಿ ಅಲ್ಲೇ ಬಣ್ಣವಾಗುತ್ತೆ. ಕಪ್ಲರ್ ಬೇರೆಯಾದರೆ ಬಣ್ಣವೂ ಬೇರೆ.

ಈ ಮೂರು ಕಪ್ಲರ್‌ಗಳನ್ನು ಎಲ್ಲಿಡೋದು? ಡಿಸೈನಿನ ಮುಖ್ಯ ಪ್ರಶ್ನೆಯೇ ಇದು. ಫಿಲ್ಮಿನೊಳಗೇ, ಆಯಾ ಪದರದಲ್ಲಿ ಕೂರಿಸಿಬಿಟ್ಟರೆ ತೊಳೆಯೋದು ಸುಲಭ, ಒಂದೇ ಬಣ್ಣದ ಡೆವಲಪರ್ ಸಾಕು. ಆದರೆ ಕಪ್ಲರ್ ಒಂದು ಪದರದಿಂದ ಇನ್ನೊಂದಕ್ಕೆ ಜಾರದ ಹಾಗೆ ಹಿಡಿದಿಡೋದು ಕಷ್ಟ. ಆ ಸಮಸ್ಯೆಯನ್ನು ಜರ್ಮನಿಯ ಆಗ್ಫಾ ಬಗೆಹರಿಸಿ ಫಿಲ್ಮ್ ಬಿಟ್ಟಿದ್ದು 1936ರಲ್ಲಿ. ಮ್ಯಾನ್ಸ್ ಮತ್ತು ಗೊಡೊವ್‌ಸ್ಕಿ ಬೇರೆ ದಾರಿ ಹಿಡಿದರು. ಫಿಲ್ಮಿನೊಳಗೆ ಕಪ್ಲರ್ ಇಡೋದೇ ಬೇಡ, ತೊಳೆಯುವಾಗ ಡೆವಲಪರ್ ಜೊತೆ ಕಲಸಿ ಕೊಟ್ಟರಾಯ್ತು! ಅಂದ್ರೆ ಕೊಡಾಕ್ರೋಮ್ ಅನ್ನೋದು ಮೂಲತಃ ಒಂದರ ಮೇಲೊಂದು ಅಂಟಿಸಿದ ಮೂರು ಕಪ್ಪು-ಬಿಳುಪು ಫಿಲ್ಮ್. ಬಣ್ಣವೆಲ್ಲ ಲ್ಯಾಬಿನ ಆಸ್ತಿ.

ಅದಕ್ಕೆ ಲ್ಯಾಬ್ ಕಟ್ಟಬೇಕಾದ ಬೆಲೆ ನೋಡಿ. ಕೊನೆಯ ದಶಕಗಳಲ್ಲಿ ಬಳಕೆಯಲ್ಲಿದ್ದ ಕೆ-14 ಎಂಬ ವಿಧಾನ ಹೀಗಿತ್ತು. ಮೊದಲು ಫಿಲ್ಮಿನ ಹಿಂಬದಿಯ ಕಪ್ಪು ಲೇಪನ ತೆಗೆಯೋದು. ಆಮೇಲೆ ಕಪ್ಪು-ಬಿಳುಪು ಡೆವಲಪರ್, ಇದರಲ್ಲಿ ಮೂರೂ ಪದರಗಳಲ್ಲಿ ನೆಗೆಟಿವ್ ಮೂಡುತ್ತೆ. ಬೆಳಕು ಬೀಳದ ಹರಳುಗಳು ಹಾಗೇ ಉಳಿದಿರುತ್ತವೆ, ಪಾಸಿಟಿವ್ ಚಿತ್ರ ಆಗಬೇಕಾದದ್ದು ಅವುಗಳಿಂದ. ಈಗ ಫಿಲ್ಮಿನ ಕೆಳಗಡೆಯಿಂದ ಕೆಂಪು ಬೆಳಕು ಬಿಡೋದು. ಅದು ತಳದ ಪದರವನ್ನು ಮಾತ್ರ ಎಚ್ಚರಿಸುತ್ತೆ. ತಕ್ಷಣ ಸಯಾನ್ ಕಪ್ಲರ್ ಇರುವ ಡೆವಲಪರ್‌ನಲ್ಲಿ ಮುಳುಗಿಸಿದರೆ ಆ ಪದರಕ್ಕೆ ಮಾತ್ರ ಸಯಾನ್ ಬಣ್ಣ. ತೊಳೆದು, ಈಗ ಮೇಲಿನಿಂದ ನೀಲಿ ಬೆಳಕು. ಮೇಲಿನ ಪದರದ ಕೆಳಗೆ ಒಂದು ಹಳದಿ ಫಿಲ್ಟರ್ ಇರೋದ್ರಿಂದ ನೀಲಿ ಬೆಳಕು ಅಲ್ಲಿಂದ ಕೆಳಗಿಳಿಯಲ್ಲ. ಹಾಗಾಗಿ ಹಳದಿ ಕಪ್ಲರ್ ಇರುವ ಎರಡನೇ ಡೆವಲಪರ್‌ನಲ್ಲಿ ಮೇಲಿನ ಪದರ ಮಾತ್ರ ಹಳದಿಯಾಗುತ್ತೆ. ಉಳಿದದ್ದು ನಡುವಿನ ಪದರ. ಅದನ್ನು ಬೆಳಕಿಲ್ಲದೆ ರಾಸಾಯನಿಕದಿಂದಲೇ ಎಚ್ಚರಿಸಿ ಮಜೆಂಟಾ ಬಣ್ಣ ತರಿಸೋದು. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಹಾಕಿ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆದರೆ ಉಳಿಯೋದು ಮೂರು ಬಣ್ಣದ ಚಿತ್ರ. ಮಧ್ಯೆ ಮಧ್ಯೆ ತೊಳೆಯೋದೂ ಸೇರಿ ಹದಿನೇಳು ಹಂತದ ಹತ್ತಿರ.

ನನಗೆ ಇದು ಅದ್ಭುತ ಅನ್ನಿಸುತ್ತೆ. ಒಂದು ಕೂದಲಿಗಿಂತ ತೆಳ್ಳಗಿರುವ ಮೂರು ಪದರಗಳನ್ನು ಬೆಳಕಿನ ಬಣ್ಣ ಮತ್ತು ದಿಕ್ಕನ್ನೇ ವಿಳಾಸ ಮಾಡಿಕೊಂಡು ಒಂದೊಂದಾಗಿ ಕರೆಯೋದು! ಮೆಮೊರಿ ಅಡ್ರೆಸಿಂಗ್ ಪಾಠ ಮಾಡುವಾಗ ಈ ಉದಾಹರಣೆ ಕೊಟ್ಟಿದ್ದರೆ ನಾವು ನಿದ್ದೆ ಮಾಡ್ತಿರಲಿಲ್ಲವೇನೋ.

ಇಷ್ಟೆಲ್ಲ ಕಷ್ಟಪಟ್ಟಿದ್ದಕ್ಕೆ ಫಲವೂ ಸಿಕ್ಕಿತು. ಕಪ್ಲರ್‌ನ ಭಾರ ಇಲ್ಲದ್ದರಿಂದ ಪದರಗಳು ತೆಳ್ಳಗಿದ್ದವು, ಬೆಳಕು ಅಕ್ಕಪಕ್ಕ ಚದುರೋದು ಕಡಿಮೆ, ಚಿತ್ರ ಚೂಪು. ತೊಳೆದ ಮೇಲೆ ಫಿಲ್ಮಿನಲ್ಲಿ ಮಿಕ್ಕ ಕಪ್ಲರ್ ಉಳಿಯದ ಕಾರಣ ಬಣ್ಣವೂ ಬಹಳ ಕಾಲ ಬಾಳಿಕೆ ಬಂತು. ಮೊದಲ ಮೂರು ವರ್ಷದ ಚಿತ್ರಗಳು ಮಾಸಿಹೋಗಿವೆ ನಿಜ, ಆದರೆ 1938ರಲ್ಲಿ ವಿಧಾನ ಬದಲಾದ ನಂತರದವು ಇವತ್ತಿಗೂ ನಿನ್ನೆ ತೆಗೆದ ಹಾಗಿವೆ. ಕತ್ತಲಲ್ಲಿ ಇಟ್ಟರೆ ಹಳದಿ ಬಣ್ಣದ ಐದನೇ ಒಂದು ಭಾಗ ಮಾಸೋಕೆ 185 ವರ್ಷ ಬೇಕು ಅನ್ನೋ ಅಂದಾಜಿದೆ. ಇದಕ್ಕೊಂದು ವಿಚಿತ್ರ ಅಪವಾದವೂ ಉಂಟು. ಪ್ರೊಜೆಕ್ಟರ್ ಬೆಳಕಿಗೆ ಮತ್ತೆ ಮತ್ತೆ ಒಡ್ಡಿದರೆ ಕೊಡಾಕ್ರೋಮ್ ಬೇರೆ ಸ್ಲೈಡ್ ಫಿಲ್ಮ್‌ಗಳಿಗಿಂತ ಬೇಗ ಮಾಸುತ್ತೆ. ಪೆಟ್ಟಿಗೆಯಲ್ಲಿಟ್ಟರೆ ನೂರಾರು ವರ್ಷ, ಎಲ್ಲರಿಗೂ ತೋರಿಸ್ತಾ ಹೋದರೆ ಅಲ್ಪಾಯುಷ್ಯ!

1953ರಲ್ಲಿ ಎವರೆಸ್ಟ್ ತುದಿಯಲ್ಲಿ ತೇನ್‌ಸಿಂಗ್ ನಿಂತ ಚಿತ್ರ ಕೊಡಾಕ್ರೋಮ್. 1963ರಲ್ಲಿ ಡಲ್ಲಾಸ್‌ನಲ್ಲಿ ಕೆನಡಿಗೆ ಗುಂಡು ಬಿದ್ದದ್ದನ್ನು ಸೆರೆಹಿಡಿದ ಝಪ್ರೂಡರ್‌ನ 8 ಎಂಎಂ ಫಿಲ್ಮ್ ಕೂಡ ಕೊಡಾಕ್ರೋಮ್. 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಹಸಿರು ಕಣ್ಣಿನ ಅಫ್ಘನ್ ಹುಡುಗಿಯನ್ನು ನೀವೆಲ್ಲ ನೋಡೇ ಇರ್ತೀರಿ. ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂದ ಅದೂ ಇದೇ ಫಿಲ್ಮ್.

ಆದರೆ ಲ್ಯಾಬಿನ ಆರ್ಥಿಕತೆ ಬೇರೆಯೇ ಕಥೆ. ಕೆ-14 ಯಂತ್ರದಲ್ಲಿ ರೋಲ್‌ಗಳನ್ನು ಒಂದಕ್ಕೊಂದು ಅಂಟಿಸಿ ಉದ್ದನೆಯ ಪಟ್ಟಿಯಂತೆ ಓಡಿಸ್ತಾರೆ. ದ್ರಾವಣಗಳು ಹದದಲ್ಲಿರಬೇಕಾದ್ರೆ ಫಿಲ್ಮ್ ಸತತವಾಗಿ ಬರ್ತಾನೇ ಇರಬೇಕು, ಬಳಕೆಯಾದಷ್ಟು ಹೊಸ ರಾಸಾಯನಿಕ ಸೇರ್ತಾ ಇರಬೇಕು, ಪಕ್ಕದಲ್ಲೇ ಅದನ್ನು ಪರೀಕ್ಷಿಸುವ ಕೆಮಿಸ್ಟ್ ಇರಬೇಕು. ದಿನಕ್ಕೆ ಹತ್ತು ರೋಲ್ ಬಂದರೂ, ಸಾವಿರ ಬಂದರೂ ಈ ವ್ಯವಸ್ಥೆಯ ಖರ್ಚು ಹೆಚ್ಚುಕಡಿಮೆ ಅಷ್ಟೇ. ಕೊಡಾಕ್‌ಗೆ ಮೊದಮೊದಲು ಇದೇ ಲಾಭವಾಗಿತ್ತು. ಬೇರೆಯವರು ತೊಳೆಯೋಕೆ ಆಗದ್ದರಿಂದ ಫಿಲ್ಮಿನ ಬೆಲೆಯಲ್ಲೇ ತೊಳೆಯುವ ಖರ್ಚನ್ನೂ ಸೇರಿಸಿ ಮಾರ್ತಿದ್ರು, ಗಿರಾಕಿ ಅಂಚೆಯಲ್ಲಿ ವಾಪಸ್ ಕಳಿಸ್ತಿದ್ದ. 1954ರಲ್ಲಿ ಅಮೆರಿಕದ ಸರ್ಕಾರ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಈ ಕಟ್ಟನ್ನು ಬಿಡಿಸಿತು. ಆಮೇಲೆ ಬೇರೆ ಲ್ಯಾಬ್‌ಗಳೂ ಬಂದವು. ಆದರೂ ಏರುಗಾಲದಲ್ಲೂ ಜಗತ್ತಿನಾದ್ಯಂತ ಇದ್ದದ್ದು ಸುಮಾರು 25 ಮಾತ್ರ.

ಅತ್ತ ಕಪ್ಲರ್ ಒಳಗೇ ಇರುವ ಫಿಲ್ಮ್‌ಗಳು ಸುಧಾರಿಸ್ತಾ ಬಂದವು. ಕೊಡಾಕ್‌ನದೇ ಎಕ್ಟಾಕ್ರೋಮ್ 1946ರಲ್ಲಿ ಬಂತು. 1970ರ ದಶಕದ ಇ-6 ವಿಧಾನದಲ್ಲಿ ಒಂದೇ ಬಣ್ಣದ ಡೆವಲಪರ್. 38 ಡಿಗ್ರಿ ಬಿಸಿನೀರಿನ ಬಕೆಟ್ ಇಟ್ಕೊಂಡು ಶಿಸ್ತಾಗಿ ಮಾಡಿದರೆ ಹಾಸ್ಟೆಲ್ ಬಾತ್‌ರೂಮಿನಲ್ಲೂ ಸಾಧ್ಯ. (ವಾರ್ಡನ್ ಒಪ್ಪಿದರೆ.) 1990ರಲ್ಲಿ ಫ್ಯೂಜಿಯ ವೆಲ್ವಿಯಾ ಬಂದಮೇಲೆ ಬಣ್ಣದ ವಿಷಯದಲ್ಲೂ ಕೊಡಾಕ್ರೋಮ್‌ಗೆ ಸರಿಯಾದ ಎದುರಾಳಿ ಸಿಕ್ಕಿದ. ಬೆಳಿಗ್ಗೆ ಕೊಟ್ಟ ರೋಲ್ ಮಧ್ಯಾಹ್ನಕ್ಕೆ ಸಿಗುವಾಗ ಕೊಡಾಕ್ರೋಮ್‌ಗಾಗಿ ದಿನಗಟ್ಟಲೆ ಯಾರು ಕಾಯ್ತಾರೆ? 1990ರ ದಶಕದ ಕೊನೆಯಲ್ಲಿ ಕೆ-ಲ್ಯಾಬ್ ಅಂತ ಚಿಕ್ಕ ಯಂತ್ರವನ್ನೂ ಕೊಡಾಕ್ ತಂದು ನೋಡಿತು, ಅದು ಹರಡಲಿಲ್ಲ.

ಎಲ್ಲರೂ ಡಿಜಿಟಲ್ ಬಂದು ಕೊಡಾಕ್ರೋಮ್ ಸತ್ತಿತು ಅಂತಾರೆ. ಅರ್ಧ ಮಾತ್ರ ನಿಜ. ಡಿಜಿಟಲ್ ಎಲ್ಲ ಫಿಲ್ಮನ್ನೂ ಹೊಡೆಯಿತು, ಆದರೆ ಟ್ರೈ-ಎಕ್ಸ್‌ನಂಥ ಕಪ್ಪು-ಬಿಳುಪು ಫಿಲ್ಮ್ ಬದುಕಿದೆ. ಎಕ್ಟಾಕ್ರೋಮ್‌ ತಯಾರಿಕೆ 2012ರಲ್ಲಿ ನಿಂತರೂ, ಆಸಕ್ತರ ಬೇಡಿಕೆ ನೋಡಿ 2018ರಲ್ಲಿ ಮತ್ತೆ ಶುರುವಾಯ್ತು. ವಾಪಸ್ ಬರೋಕೆ ಆಗಿದ್ದು ಇ-6 ತೊಳೆಯುವ ಚಿಕ್ಕಪುಟ್ಟ ಲ್ಯಾಬ್‌ಗಳು, ಮನೆ ಕಿಟ್‌ಗಳು ಅಷ್ಟೊತ್ತಿಗೂ ಉಸಿರಾಡ್ತಿದ್ದವು ಅನ್ನೋ ಕಾರಣಕ್ಕೆ. ಕೊಡಾಕ್ರೋಮ್ ವಾಪಸ್ ಬರಬೇಕಾದ್ರೆ ಫಿಲ್ಮ್ ಕಾರ್ಖಾನೆಯ ಜೊತೆ ಇಡೀ ಕೆ-14 ಜಾಲವನ್ನೂ ಹೊಸದಾಗಿ ಕಟ್ಟಬೇಕು. ಗಿರಾಕಿ ಕಮ್ಮಿಯಾದರೆ ಲ್ಯಾಬ್ ಮುಚ್ಚುತ್ತೆ, ಲ್ಯಾಬ್ ಮುಚ್ಚಿದರೆ ಗಿರಾಕಿ ಇನ್ನೂ ಕಮ್ಮಿ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಈ ಫೀಡ್‌ಬ್ಯಾಕ್ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಹೇಳಬೇಕಾಗಿಲ್ಲ.

ಹಾಗೇ ಆಯಿತು. ಕೊಡಾಕ್ ತನ್ನ ಸ್ವಿಟ್ಜರ್ಲೆಂಡ್ ಲ್ಯಾಬ್ 2006ರಲ್ಲಿ ಮುಚ್ಚಿದ ಮೇಲೆ ಕೊನೆಗೆ ಉಳಿದದ್ದು ಅಮೆರಿಕದ ಕಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನ ಡ್ವೇನ್ಸ್ ಫೋಟೋ ಒಂದೇ. ಇಡೀ ಜಗತ್ತಿನ ಕೊಡಾಕ್ರೋಮ್ ಅಲ್ಲಿಗೇ ಹೋಗಬೇಕಿತ್ತು. 2009ರ ಜೂನ್ 22ರಂದು ಕೊಡಾಕ್ ಈ ಫಿಲ್ಮನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಷ್ಟೊತ್ತಿಗೆ ಅದರ ಸ್ಟಿಲ್ ಫಿಲ್ಮ್ ಮಾರಾಟದಲ್ಲಿ ಕೊಡಾಕ್ರೋಮ್ ಪಾಲು ಶೇಕಡಾ 1 ಕೂಡ ಇರಲಿಲ್ಲ.

ಕಾರ್ಖಾನೆಯಿಂದ ಬಂದ ಕೊನೆಯ ರೋಲನ್ನು ಸ್ಟೀವ್ ಮೆಕ್‌ಕರಿಗೆ ಕೊಟ್ಟರು. ಮೂವತ್ತಾರೇ ಫ್ರೇಮ್. ನ್ಯೂಯಾರ್ಕಿನಲ್ಲಿ ನಟ ರಾಬರ್ಟ್ ಡಿ ನೀರೋನಿಂದ ಶುರುಮಾಡಿ ಆತ ಬಂದದ್ದು ನಮ್ಮ ದೇಶಕ್ಕೇ. ಮುಂಬೈನಲ್ಲಿ ಅಮಿತಾಭ್ ಬಚ್ಚನ್, ಆಮಿರ್ ಖಾನ್, ರಾಜಸ್ಥಾನದಲ್ಲಿ ರಬಾರಿ ಜನರು. ಒಂದು ಕ್ಲಿಕ್ ಕೂಡ ಹಾಳಾಗಬಾರದು ಅಂತ ಮೊದಲು ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ನೋಡ್ಕೊಂಡು ಆಮೇಲೆ ಫಿಲ್ಮಿನಲ್ಲಿ ತೆಗೀತಿದ್ದನಂತೆ. ಕೊನೆಯ ಫ್ರೇಮ್ ತೆಗೆದದ್ದು ಪಾರ್ಸನ್ಸ್‌ನ ಸ್ಮಶಾನದಲ್ಲಿ. 2010ರ ಜುಲೈನಲ್ಲಿ ಆ ರೋಲ್ ಡ್ವೇನ್ಸ್‌ನಲ್ಲೇ ತೊಳೆಯಲ್ಪಟ್ಟಿತು.

ಉಳಿದವರಿಗೆ ಕೊಟ್ಟ ಗಡುವು 2010ರ ಡಿಸೆಂಬರ್ 30. ಜಗತ್ತಿನ ಮೂಲೆಮೂಲೆಯಿಂದ ಪೊಟ್ಟಣಗಳು ಬಂದು ಬಿದ್ದವು. ಅರ್ಕಾನ್ಸಸ್‌ನ ರೈಲ್ವೆ ನೌಕರನೊಬ್ಬ ರೈಲುಗಳನ್ನೇ ತೆಗೆದಿದ್ದ 1,580 ರೋಲ್ ತೊಳೆಸಿ, 15,798 ಡಾಲರ್ ಕಟ್ಟಿ, ಕಾರಿನಲ್ಲಿ ತುಂಬಿಕೊಂಡು ಹೋದ. ರಾಶಿ ಎಷ್ಟಿತ್ತು ಅಂದ್ರೆ ಬಂದದ್ದನ್ನೆಲ್ಲ ತೊಳೆದು ಮುಗಿಸೋಕೆ ಜನವರಿ ಅರ್ಧ ಕಳೆಯಿತು. ಯಂತ್ರದಲ್ಲಿ ಹೋದ ಕೊನೆಯ ರೋಲ್ ಲ್ಯಾಬಿನ ಮಾಲೀಕ ಡ್ವೇನ್ ಸ್ಟೈನ್ಲ್ ತಾನೇ ತೆಗೆದದ್ದು.

ಆ ಗಡುವು ತಪ್ಪಿಸಿಕೊಂಡ ರೋಲ್‌ಗಳು ಇನ್ನೂ ಎಷ್ಟೋ ಮನೆಗಳ ಬೀರುಗಳಲ್ಲಿವೆ. ತೀರಿಹೋದ ಅಜ್ಜ ತೆಗೆದದ್ದು, ಯಾರದೋ ಮದುವೆ, ಯಾವುದೋ ಪ್ರವಾಸ. ಕೆಲ ಹವ್ಯಾಸಿಗಳು ಕೆ-14 ರಾಸಾಯನಿಕಗಳನ್ನು ತಾವೇ ಕಲಸಿ ಬಣ್ಣ ತರಿಸೋಕೆ ಒದ್ದಾಡಿದ್ದಾರೆ. ಮೂರು ಕಪ್ಲರ್, ಎರಡು ಬಣ್ಣದ ಬೆಳಕು, ಒಂದು ಹಂತ ಎಡವಿದರೂ ಮುಗೀತು. ಮಾಮೂಲಿ ದಾರಿ ಇರೋದು ಒಂದೇ: ಸಾದಾ ಕಪ್ಪು-ಬಿಳುಪು ಡೆವಲಪರ್‌ನಲ್ಲಿ ಅದ್ದೋದು. ಕೊಡಾಕ್ರೋಮ್ ಅಂದ್ರೆ ಮೂರು ಕಪ್ಪು-ಬಿಳುಪು ಪದರ ಅಂತ ಆಗಲೇ ನೋಡಿದೆವಲ್ಲ, ಅದಕ್ಕೇ ಇದು ಸಾಧ್ಯ. ಅದೃಷ್ಟವಿದ್ದರೆ ಮುಖ ಮೂಡುತ್ತೆ, ನಗು ಮೂಡುತ್ತೆ. ಸೀರೆಯ ಬಣ್ಣ ಯಾವುದಿತ್ತು ಅನ್ನೋದು ಮಾತ್ರ ಅವತ್ತು ಅಲ್ಲಿದ್ದವರನ್ನೇ ಕೇಳಬೇಕು.